ಮಾವನ ಗಂಟು, ನನ್ನ ಹಾಲಹಲ್ಲು

ನಮ್ಮ ಸೋದರಮಾವನ ಮುಂದೆ ಬಾಯಿ ತೆರೆದು ನಕ್ಕವರು ಯಾರೂ ತಮ್ಮ ವಯಸ್ಸನ್ನು ಮುಚ್ಚಿಟ್ಟುಕೊಂಡದ್ದಿಲ್ಲ! ಆಧಾರ್ ಕಾರ್ಡಿನಲ್ಲಿ ಏನೇ ಬರೆದಿರಲಿ, ಅವನಿಗೆ ಬೇಕಾದದ್ದು ಕೆಳಸಾಲಿನ ಮುಂದಿನ ಹಲ್ಲು. ಹುಟ್ಟಾ ಕುರಿಗಾರ. ಟಗರಿನ ಬಾಯಿ ಬಿಡಿಸಿ ಹಾಲಹಲ್ಲೋ, ಎರಡು ಹಲ್ಲೋ, ನಾಲ್ಕು ಹಲ್ಲೋ ಎಂದು ಎಣಿಸಿ ವಯಸ್ಸು ಹೇಳುವುದು ಆ ಕಸುಬಿನವರೆಲ್ಲ ಮಾಡುವ ಕೆಲಸವೇ. ಆದರೆ ಉಳಿದವರು ಕುರಿದಡ್ಡಿಯಿಂದ ಹೊರಗೆ ಬಂದ ಮೇಲೆ ಆ ಚಾಳಿ ಬಿಡುತ್ತಾರೆ. ನಮ್ಮ ಮಾವ ಬಿಡಲಿಲ್ಲ.

ನಮ್ಮಕ್ಕನನ್ನು ನೋಡಲು ವರ ಬಂದಿದ್ದ. ಹುಡುಗನಿಗೆ ಇಪ್ಪತ್ತೈದು ಎಂದು ಅವರ ಕಡೆಯ ಹಿರಿಯರು ಹೇಳಿದರು. ಪಾಪ, ಹುಡುಗ ಏನೋ ಮಾತಿಗೆ ನಕ್ಕುಬಿಟ್ಟ. ಮಾವ ಚಹಾದ ಬಟ್ಟಲು ಕೆಳಗಿಟ್ಟು, "ಇಪ್ಪತ್ತೈದು ಅಲ್ಲ ಬಿಡ್ರಿ. ಹಲ್ಲು ಸವದಾವ. ಮೂವತ್ತು ದಾಟಿ ಎರಡು ವರ್ಷ ಆಗ್ಯಾದ" ಎಂದ. ಅವತ್ತು ಬೀಗರು ಉಪ್ಪಿಟ್ಟನ್ನು ತುಟಿ ಬಿಚ್ಚದೆ ತಿಂದು ಹೋದರು. ವಿಚಾರಿಸಿದರೆ ಹುಡುಗನಿಗೆ ಮೂವತ್ತೆರಡೇ! ಅವನೇ ಈಗ ನಮ್ಮ ಭಾವ. ಇವತ್ತಿಗೂ ಮಾವನ ಮುಂದೆ ಬಾಯಿಗೆ ಕೈ ಅಡ್ಡ ಹಿಡಿದೇ ನಗುತ್ತಾನೆ.

ಟಗರಿನ ಕಾಳಗದಲ್ಲಂತೂ ಮಾವನ ಮಾತೆಂದರೆ ಮಾತು. ಅಲ್ಲಿ ಜೋಡಿ ಕಟ್ಟುವುದೇ ಹಲ್ಲಿನ ಲೆಕ್ಕದ ಮೇಲೆ. ಎದುರಾಳಿಯನ್ನು ಒಮ್ಮೆ ನೋಡಿ ಬಂದು, ತನ್ನ ಟಗರು ಸೋಲುತ್ತದೆ ಅನ್ನಿಸಿದರೆ ಅರಿಶಿನಪುಡಿ ಮತ್ತು ಒಂದು ಹೆಂಟೆ ಬೆಲ್ಲವನ್ನು ಬಟ್ಟೆಯಲ್ಲಿ ಕಟ್ಟಿ, ಆ ಗಂಟನ್ನು ಬಗಲಲ್ಲಿ ಇಟ್ಟುಕೊಂಡು ಹೊರಡುತ್ತಿದ್ದ. ಅರಿಶಿನ ಗಾಯಕ್ಕೆ, ಬೆಲ್ಲ ಸಮಾಧಾನಕ್ಕೆ! ಗೆಲ್ಲುವುದಾದರೆ ಬರಿಗೈ. ಹಾಗಾಗಿ ನಮ್ಮೂರು ಕೆಂಭಾವಿಯ ಜನ ಟಗರನ್ನು ನೋಡುತ್ತಿರಲಿಲ್ಲ, ಮಾವನ ಬಗಲನ್ನು ನೋಡುತ್ತಿದ್ದರು. ಒಂದು ಸಲವೂ ತಪ್ಪಿದ್ದಿಲ್ಲ.

ಕಾಲುವೆ ಬಂತು. ಕುರಿ ಮೇಯುತ್ತಿದ್ದ ಬಯಲೆಲ್ಲ ಭತ್ತದ ಗದ್ದೆಯಾಯಿತು. ಊರಿಗೆ ನೀರು ಬಂದ ಸಂತೋಷದಲ್ಲಿ ಮಾವನೂ ಕುಣಿದ, ಆಮೇಲೆ ಮೇವಿಗೆ ಜಾಗವಿಲ್ಲದೆ ಕುರಿಗಳನ್ನು ಮಾರಿಬಿಟ್ಟ. ಉಳಿದದ್ದು ಎರಡು ಟಗರು ಮತ್ತು ಅವನ ಮಾತು. ವಾರದ ಸಂತೆಯಲ್ಲಿ ಅವನನ್ನು ಕೇಳದೆ ಯಾರೂ ಟಗರಿನ ಹಗ್ಗ ಹಿಡಿಯುತ್ತಿರಲಿಲ್ಲ. ಆ ಮಾತಿನ ಬೆಲೆ ಬಿಟ್ಟರೆ ಅವನಿಗೆ ಊರಲ್ಲಿ ಬೇರೆ ಬೆಲೆಯೇ ಇರಲಿಲ್ಲ ಎನ್ನಿ.

ಇಂಥವನಿಗೆ ಬಾಕ್ಸಿಂಗ್ ಆಡುವ ಸೋದರಸೊಸೆಯಾಗಿ ನಾನು ಸಿಕ್ಕೆ!

ನಾನು ದಿನಾ ಬಸ್ಸು ಹಿಡಿದು ಶಹಾಪುರದ ಕಾಲೇಜಿಗೆ ಹೋಗುತ್ತಿದ್ದೆ. ಅಲ್ಲಿ ಹೊಸದಾಗಿ ಬಂದ ಪಿ.ಟಿ. ಮಾಸ್ತರರು ಎರಡು ಜೊತೆ ಗ್ಲೌಸು ತಂದು ಹುಡುಗಿಯರನ್ನು ಹುಡುಕುತ್ತಿದ್ದರು. ನನ್ನನ್ನು ಆರಿಸಿದ್ದೇಕೆ ಗೊತ್ತೆ? "ಮುಂಜಾನಿ ಬಸ್ಸಿನ್ಯಾಗ ದಿನಾ ಸೀಟು ಹಿಡಿತೀ ಅಂದ್ರ ನಿನಗ ಇದೇನ್ ದೊಡ್ಡದವ್ವ?" ಎಂದರು. ಎರಡೇ ತಿಂಗಳಿಗೆ ಯಾದಗಿರಿಯಲ್ಲಿ ಜಿಲ್ಲಾ ಪಂದ್ಯ ಬಂತು. ಅಲ್ಲಿಯವರೆಗೆ ನಾನು ಗುದ್ದಿದ್ದು ಉಸುಕು ತುಂಬಿದ ಗೊಬ್ಬರದ ಚೀಲವನ್ನು ಮಾತ್ರ. ಚೀಲ ತಿರುಗಿ ಹೊಡೆಯುವುದಿಲ್ಲ, ನೋಡಿ!

ಸುದ್ದಿ ಕೇಳಿ ಮಾವ ಅಂಗಳದಲ್ಲೇ ನನ್ನನ್ನು ನಿಲ್ಲಿಸಿದ.

"ಬಾಯಿ ತೆಗಿ."

ತೆಗೆದೆ.

"ಹಾಲಹಲ್ಲು" ಎಂದ. ಅಂದರೆ ಅನುಭವ ಸೊನ್ನೆ. "ಎದುರಿನಾಕಿ?"

"ಯಾದಗಿರಿಯಾಕಿ, ಮಾಮಾ. ನಾಲ್ಕು ವರ್ಷದಿಂದ ಆಡಾಕತ್ತಾಳ. ರಾಜ್ಯಮಟ್ಟಕ್ಕೂ ಹೋಗಿ ಬಂದಾಳಂತ."

ಮಾವ ಒಂದು ಬೀಡಿ ಹಚ್ಚಿದ. ಅತ್ತೆ ಒಳಗಿನಿಂದಲೇ, "ಹಾಲಹಲ್ಲಿಗೆ ನಾಲ್ಕು ಹಲ್ಲಿನ ಜೋಡಿ ಯಾರರ ಕಟ್ತಾರೇನು?" ಎಂದು ಗೊಣಗಿದಳು. ಮಾವ ಸೋಲು ಎಂದರೆ ಮುಗಿಯಿತು, ಬ್ರಹ್ಮ ಬಂದರೂ ಗೆಲ್ಲಿಸುವಂತಿಲ್ಲ. ಬೀಡಿ ನೆಲಕ್ಕೆ ಒತ್ತಿ, "ಗೆಲ್ತಾಳ" ಎಂದ.

ಆಮೇಲೆ ತರಬೇತಿ. ಕಾಲುವೆಯ ದಂಡೆಯ ಮೇಲೆ ನಾನು ಮುಂದೆ, ಟಗರು ಹಿಂದೆ! ಯಾವ ಕೋಚ್ ಇಷ್ಟು ವೇಗ ಕಲಿಸಿಯಾನು ಹೇಳಿ? ಜೊತೆಗೆ ಒಂದೇ ಮಂತ್ರ: "ಹಿಂದಕ್ಕ ಸರಿ, ಆಮ್ಯಾಲ ನುಗ್ಗು. ಟಗರು ಹಿಂದ ಸರಿಯೂದು ಅಂಜಿ ಅಲ್ಲ." ತಲೆಯಿಂದ ಗುದ್ದುವುದು ನಮ್ಮ ಆಟದಲ್ಲಿ ತಪ್ಪು ಎಂದಾಗ ಮಾತ್ರ ಅವನಿಗೆ ಬಹಳ ಬೇಸರವಾಯಿತು. "ದೇವರು ಹಣಿ ಯಾಕ ಕೊಟ್ಟಾನ ಮತ್ತ?"

ಪಂದ್ಯದ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಅರ್ಧ ಕೆಂಭಾವಿ ನಿಂತಿತ್ತು. ಎಲ್ಲರ ಕಣ್ಣು ಮಾವನ ಬಗಲಿನ ಮೇಲೆ. ಮಾವ ಎರಡೂ ಕೈ ಮೇಲೆತ್ತಿ ಸುತ್ತ ಒಮ್ಮೆ ತಿರುಗಿದ. "ಗಂಟಿಲ್ಲ! ಹುಡುಗಿ ಗೆದ್ದಾಳ ಬಿಡ್ರಿ!" ಎಂದು ಜನ ಕೂಗಿದರು. ಚಹಾದಂಗಡಿಯವನು ನಮಗಿಬ್ಬರಿಗೂ ಪುಕ್ಕಟೆ ಚಹಾ ಕೊಟ್ಟ. ಮಾವನ ತಲೆಯ ರುಮಾಲು ಮಾತ್ರ ಅಂದು ದಿನಕ್ಕಿಂತ ದಪ್ಪಗೆ ಕಂಡಿತು. ಜಿಲ್ಲಾ ಕೇಂದ್ರಕ್ಕೆ ಹೊರಟವನು, ಮರ್ಯಾದೆಗೆ ಇನ್ನೊಂದು ಸುತ್ತು ಸುತ್ತಿದ್ದಾನೆ ಎಂದುಕೊಂಡೆ.

ಯಾದಗಿರಿಯಲ್ಲಿ ಎದುರಾಳಿ ಹುಡುಗಿ ರಿಂಗಿನ ಹತ್ತಿರ ಬಂದು ನನ್ನನ್ನು ನೋಡಿ ನಕ್ಕಳು. ಅವಳ ಬಾಯಿಯಲ್ಲಿ ಹಲ್ಲಿನ ರಕ್ಷಣೆಗೆ ಹಾಕುವ ನೀಲಿ ರಬ್ಬರಿನ ಪಟ್ಟಿ. ಮಾವ ಇಂಥದನ್ನು ಜನ್ಮದಲ್ಲಿ ಕಂಡವನಲ್ಲ. ನೆಟ್ಟಗೆ ತೀರ್ಪುಗಾರರ ಟೇಬಲ್ಲಿಗೆ ಹೋದ.

"ಸಾಹೇಬ್ರ, ಮೋಸ ನಡದದ! ಆ ಹುಡುಗಿ ಹಲ್ಲು ಮುಚ್ಚಿಟ್ಟಾಳ!"

"ಅದು ಎಲ್ಲರೂ ಹಾಕೋಬೇಕ್ರೀ ಯಜಮಾನ್ರ."

"ಎಲ್ಲರೂ ಮುಚ್ಚಿದ್ರ ವಯಸ್ಸು ಹ್ಯಾಂಗ ನೋಡ್ತೀರಿ?"

"ಸರ್ಟಿಫಿಕೇಟ್ ನೋಡ್ತೀವ್ರೀ."

"ಕಾಗದಕ್ಕ ಹಲ್ಲು ಇರ್ತಾವೇನ್ರೀ?" ಎಂದು ಕೇಳಿದ ನಮ್ಮ ಮಾವ. ಸಾಹೇಬರು ಪಿ.ಟಿ. ಮಾಸ್ತರರ ಕಡೆ ನೋಡಿದರು. ಮಾಸ್ತರರು ಆಕಾಶ ನೋಡಿದರು.

ಗಂಟೆ ಹೊಡೆಯಿತು. "ಹಿಂದಕ್ಕ ಸರಿ!" ಎಂದು ಮಾವ ಕೂಗಿದ. ಸರಿದೆ. ಮತ್ತೆ ಕೂಗಿದ, ಮತ್ತೆ ಸರಿದೆ. ಬೆನ್ನಿಗೆ ಹಗ್ಗ ತಾಗಿತು. ನುಗ್ಗುವ ಪಾಠ ನನಗೆ ನೆನಪಾಗುವಷ್ಟರಲ್ಲಿ ಅವಳು ನುಗ್ಗಿಯಾಗಿತ್ತು! ಮೂರು ಸುತ್ತು. ಬಿದ್ದೆ, ಎದ್ದೆ. ಗಾಳಿಗೆ ಬೇಕಾದಷ್ಟು ಗುದ್ದಿದೆ. ಎರಡು ಏಟು ಮಾತ್ರ ಅವಳಿಗೂ ತಾಗಿದವು, ಇದಕ್ಕೆ ಸಾಕ್ಷಿ ಇದೆ. ಕೊನೆಗೆ ತೀರ್ಪುಗಾರರು ಅವಳ ಕೈ ಎತ್ತಿದರು.

ಸಂಜೆ ಯಾದಗಿರಿ ಬಸ್‌ಸ್ಟ್ಯಾಂಡಿನ ಕಲ್ಲುಕಟ್ಟೆಯ ಮೇಲೆ ಕೂತಾಗ ನನ್ನ ಮೂಗು ಬದನೆಕಾಯಿಯಾಗಿತ್ತು. ನೋವಿಗಿಂತ ಹೆಚ್ಚಾಗಿ ನನಗೆ ಅಳು ಬಂದದ್ದು ಬೇರೆ ಕಾರಣಕ್ಕೆ.

"ಮಾಮಾ, ನನ್ನಿಂದ ನಿನ್ನ ಮಾತು ಸುಳ್ಳಾತು."

ಮಂದಿಯ ಮುಂದೆ ಎಂದೂ ತಲೆ ಬರಿದು ಮಾಡದ ಮಾವ ರುಮಾಲು ಬಿಚ್ಚತೊಡಗಿದ. ಒಳಸುತ್ತಿನಿಂದ ಒಂದು ಪುಟ್ಟ ಗಂಟು ಹೊರಗೆ ಬಂತು. ಅರಿಶಿನಪುಡಿ. ಒಂದು ಹೆಂಟೆ ಬೆಲ್ಲ.

ನಾನು ಗಂಟು ನೋಡಿದೆ, ಅವನ ಮುಖ ನೋಡಿದೆ. "ನಿನಗ ಮೊದಲೇ ಗೊತ್ತಿತ್ತಾ?"

"ಹಾಲಹಲ್ಲಿಗೆ ನಾಲ್ಕು ಹಲ್ಲು ಜೋಡಿ ಆಗ್ತದೇನವ್ವ?" ನೀರಲ್ಲಿ ಕಲಸಿದ ಅರಿಶಿನವನ್ನು ಬೆರಳ ತುದಿಯಿಂದ ನನ್ನ ಮೂಗಿಗೆ ಹಚ್ಚಿದ. "ಟಗರಿಗೆ ಮಾತು ತಿಳೀತಿರಲಿಲ್ಲ, ಅದಕ್ಕ ಖರೇ ಹೇಳ್ತಿದ್ದೆ. ನಿನಗ ತಿಳೀತದ. ಬಾಯಿ ತೆಗಿ."

ತೆಗೆದೆ. ಜೀವಮಾನದಲ್ಲಿ ಮೊದಲ ಸಲ ಅವನು ಹಲ್ಲು ನೋಡಲಿಲ್ಲ, ಬೆಲ್ಲ ಇಟ್ಟ.

ಬಸ್ಸು ಕೆಂಭಾವಿ ಮುಟ್ಟುವ ಹೊತ್ತಿಗೆ ನನ್ನ ಅಳು ನಿಂತಿತ್ತು. ಇಳಿಯುವ ಮುಂಚೆ ಮಾವ ರುಮಾಲಿನ ತುದಿಯನ್ನು ಉಗುಳಿನಲ್ಲಿ ತೋಯಿಸಿ ನನ್ನ ಮೂಗಿನ ಅರಿಶಿನವನ್ನೆಲ್ಲ ಉಜ್ಜಿ ತೆಗೆದ. ಊರು ಅರಿಶಿನ ಕಂಡರೆ ಗಂಟು ಒಯ್ದಿದ್ದನೆಂದು ತಿಳಿಯುತ್ತದಲ್ಲ! ತಿಳಿದಿದ್ದರೆ ಅವನ ಮಾತು ಉಳಿಯುತ್ತಿತ್ತು, ನಾನು ಮಾತ್ರ ಮೊದಲೇ ಸೋತವಳಾಗುತ್ತಿದ್ದೆ. ಬಸ್ಸಿನ ಬಾಗಿಲಿಗೆ ಜನ ಮುತ್ತಿದರು. "ಏನಾತೋ? ಗಂಟು ಒಯ್ದಿದ್ದಿಲ್ಲಲ್ಲೋ?"

"ಒಯ್ದಿದ್ದಿಲ್ಲ. ಹುಡುಗಿ ಚಲೋ ಆಡ್ಯಾಳ" ಎಂದ ಮಾವ. "ನನ್ನ ಲೆಕ್ಕನ ತಪ್ಪಿತು."

ಜನ ಗೊಳ್ಳೆಂದು ನಕ್ಕರು. ಆ ವಾರದ ಸಂತೆಯಲ್ಲಿ ಮೂರು ಟಗರು ಅವನನ್ನು ಕೇಳದೆಯೇ ಕೈ ಬದಲಾದವು. ಬಸ್ಸಿನ ಬಾಗಿಲಲ್ಲಿ ಅವನು ಸುಳ್ಳು ಹೇಳಿದ ಆ ಗಳಿಗೆಯಲ್ಲಿ ನಿಜ ಹೇಳಬೇಕೆಂದು ನಾನು ಬಾಯಿ ತೆರೆಯಲು ಹೋದೆ. ಮಾವ ನನ್ನ ಕೈಯನ್ನು ಗಟ್ಟಿಯಾಗಿ ಒತ್ತಿ ಹಿಡಿದ. ನನ್ನನ್ನು ಅಷ್ಟು ಪ್ರೀತಿಸಿದವರು ಇನ್ನೊಬ್ಬರಿಲ್ಲ ಎಂದು ನನಗೆ ತಿಳಿದದ್ದು ಆಗಲೇ. ಬಾಯಲ್ಲಿ ಬೆಲ್ಲದ ರುಚಿ ಇನ್ನೂ ಆರಿರಲಿಲ್ಲ.