ನಮ್ಮ ನೀಲಾಳಿಗೆ ‘ನಿನಗೇನು ಇಷ್ಟ’ ಎಂದು ಕೇಳಿಹೋದವರಿಗೆ

ಅಂತರರಾಷ್ಟ್ರೀಯ ಡಿಪ್ಲೊಮಾ ಕಾಲೇಜಿನ ಪ್ರವೇಶಾಧಿಕಾರಿಗಳಾದ ಮಾನ್ಯರೇ,

ಗಜೇಂದ್ರಗಡದ ಸೀರೆ ವ್ಯಾಪಾರಿ ಕಳಕೇಶನ ಶರಣು ಶರಣಾರ್ಥಿ. ಕಾಲಕಾಲೇಶ್ವರನ ದಯೆಯಿಂದ ನಾವೆಲ್ಲ ಕ್ಷೇಮ. ತಾವು ಬಂದುಹೋದ ಮೇಲೆ ಮನೆಯಲ್ಲಿ ಕ್ಷೇಮವೊಂದೇ ಉಳಿದಿದೆ, ಶಾಂತಿ ಇಲ್ಲ.

ನನ್ನ ಮಗಳು ನೀಲಾ ಪಿಯುಸಿಯಲ್ಲಿ ಕಾಮರ್ಸ್ ಓದಿ, ಬಿ.ಕಾಂ. ಮುಗಿಸಿ, ನನ್ನ ಅಂಗಡಿಯ ಗಲ್ಲಾದ ಮೇಲೆ ಕೂಡುವುದೆಂದು ಅವಳು ತೊಟ್ಟಿಲಲ್ಲಿದ್ದಾಗಲೇ ತೀರ್ಮಾನವಾಗಿತ್ತು. ಆದರೆ ಹತ್ತನೆಯದು ಮುಗಿದದ್ದೇ ಅವಳು ಪಿಯುಸಿಯ ಬದಲು ತಮ್ಮ ಡಿಪ್ಲೊಮಾ ಓದುತ್ತೇನೆಂದು ಮೊಬೈಲಿನಲ್ಲಿ ತಮ್ಮನ್ನು ಹುಡುಕಿ ಅರ್ಜಿ ಹಾಕಿದಳು. ತಾವು ಮಾತಾಡಿಸಿ ನೋಡಲು ಮನೆಗೇ ಬರುತ್ತೇವೆಂದಿರಿ. ನಮ್ಮವ್ವ ಕಳಕವ್ವ, “ಓದಿಸಾಕ ಬಂದ್ರೇನು, ಒಯ್ಯಾಕ ಬಂದ್ರೇನು, ಹುಡುಗಿನ್ನ ನೋಡಾಕ ಬಂದವ್ರು ಬೀಗರಿದ್ದಂಗ” ಎಂದು ಜಮಖಾನೆ ಹಾಸಿಸಿ, ಶಿರಾ-ಉಪ್ಪಿಟ್ಟು ಮಾಡಿಸಿ, ನೀಲಾಳಿಗೆ ಸೀರೆ ಉಡಿಸಿ ಚಹಾದ ತಾಟು ಕೊಟ್ಟು ಕಳಿಸಿದಳು. “ರೊಟ್ಟಿ ಚಲೋ ಬಡಿತಾಳ್ರಿ, ಸಿಟ್ಟು ಕಮ್ಮಿ” ಎಂದು ತಾನೇ ಮಾತು ತೆಗೆದಳು. ತಾವು ಶಿರಾ ತಿಂದ ಕೈ ಒರೆಸಿಕೊಂಡು, ನೀಲಾಳ ಕಡೆ ತಿರುಗಿ, ನಿನಗೇನು ಇಷ್ಟ ಎಂದು ಕೇಳಿಬಿಟ್ಟಿರಿ.

ಮಾನ್ಯರೇ, ಅದು ನಾವು ಗಿರಾಕಿಗಳಿಗೆ ಕೇಳುವ ಪ್ರಶ್ನೆ. ಮನೆಮಕ್ಕಳಿಗೆ ಕೇಳಿ ರೂಢಿಯಿಲ್ಲ. ಕೇಳಿದಿರಿ, ಅವಳು ಹೇಳಿಯೂಬಿಟ್ಟಳು. ಎರಡು ಭಾಷೆ, ಗಣಿತ, ಇತಿಹಾಸ, ರಸಾಯನಶಾಸ್ತ್ರ, ಚಿತ್ರಕಲೆ ಎಲ್ಲವೂ ಇಷ್ಟವಂತೆ, ತಮ್ಮಲ್ಲಿ ಈ ಆರನ್ನೂ ಒಟ್ಟಿಗೇ ಓದಬಹುದಂತೆ. ಸಾಲದ್ದಕ್ಕೆ ‘ಜ್ಞಾನವೆಂದರೇನು’ ಎಂಬ ಪಾಠವನ್ನೂ ತಾವು ಕೊಸರು ಹಾಕುತ್ತೀರಂತೆ. ಪಿಯುಸಿಯವರು, ಪಾಪ, ಸೈನ್ಸು, ಕಾಮರ್ಸು, ಆರ್ಟ್ಸು ಎಂದು ಮೂರು ರಾಶಿ ಮಾಡಿ ಅಳೆದು ಕೊಡುತ್ತಾರೆ. ತಾವೋ ನರೇಗಲ್ ಸಂತೆಯನ್ನೇ ಚೀಲಕ್ಕೆ ತುಂಬುವ ಉದಾರಿಗಳು. ಎಲ್ಲ ಮಾಲೂ ಇಟ್ಟವನು ಯಾವುದನ್ನೂ ಮಾರುವುದಿಲ್ಲ ಎಂದು ನಾನು ಬುದ್ಧಿ ಹೇಳಿದರೆ, ನೀಲಾ, “ಅಪ್ಪಾ, ಗಿರಾಕಿ ಬಂದ್ರ ನೀ ಒಂದ ಸೀರಿ ಬಿಚ್ಚಿ ತೋರಿಸಿ ಸುಮ್ನಾಗ್ತಿಯೇನು?” ಎಂದಳು. ವ್ಯಾಪಾರದಲ್ಲಿ ಗಿರಾಕಿ ಇಂಥ ಮಾತಾಡಿದರೆ ಚಹಾ ತರಿಸುತ್ತೇವೆ, ನಾನೂ ತರಿಸಿದೆ.

ಪ್ರಶ್ನೆ ಅಲ್ಲಿಗೂ ನಿಲ್ಲಲಿಲ್ಲ. ನೀಲಾ ಅದನ್ನೇ ಅವರವ್ವ ಅನ್ನಪೂರ್ಣಾಗೆ ಕೇಳಿದಳು. ನನ್ನ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ನನಗ ಗಣಿತ ಭಾಳ ಸೇರ್ತಿತ್ತು, ಮ್ಯಾಟ್ರಿಕ್ ಆದಮ್ಯಾಲ ಯಾರ್ ಕೇಳ್ಯಾರ?” ಎಂದಳು. ನನ್ನದೇ ದಾಸ್ತಾನಿನಲ್ಲಿ ಇಂಥದೊಂದು ಮಾಲಿದ್ದುದು ಇಷ್ಟು ವರ್ಷ ನನಗೇ ತಿಳಿದಿರಲಿಲ್ಲ.

ಸೋಮವಾರದೊಳಗೆ ಅರ್ಜಿಗೆ ನನ್ನ ಸಹಿ ಬೇಕಂತೆ. ಅದಕ್ಕೆ ಮೊದಲು ತಾವು ಆ ಪ್ರಶ್ನೆಯನ್ನು ದಯವಿಟ್ಟು ಹಿಂದಕ್ಕೆ ಒಯ್ಯಬೇಕು. ಆಗದಿದ್ದರೆ ಕಾಲೇಜನ್ನೇ ಎತ್ತಿ ತಂದು ರೋಣದ ರಸ್ತೆಯಲ್ಲಿಡಬೇಕು, ಮಗಳು ಸಂಜೆ ಬಸ್ಸಿಗೆ ಮನೆ ಸೇರುವಂತೆ. ಅದೂ ಆಗದಿದ್ದರೆ ಹಾಸ್ಟೆಲಿನಲ್ಲಿ ಖಡಕ್ ರೊಟ್ಟಿ ಕೊಡಬೇಕು, ಮತ್ತು ಗಣಿತದ ತರಗತಿಯಲ್ಲಿ ಅನ್ನಪೂರ್ಣಾಗೂ ಒಂದು ಕುರ್ಚಿ.

ತಮ್ಮ ವಿಶ್ವಾಸಿ, ತಮ್ಮಿಂದಲೇ ನಿದ್ದೆಗೆಟ್ಟ
ಕಳಕೇಶ

ತಾ.ಕ.: ಸಹಿ ಹಾಕಿದ್ದೇನೆ. ‘ಪಾಲಕರ ಅಭಿಪ್ರಾಯ’ಕ್ಕೆ ಒಂದೇ ಗೆರೆ ಜಾಗ ಬಿಟ್ಟು, ಶುಲ್ಕದ ವಿವರಕ್ಕೆ ಪುಟವೆಲ್ಲ ಕೊಟ್ಟಿದ್ದೀರಿ. ತಾವು ಬೇರೇನು ಕಲಿಸುವಿರೋ ಕಾಣೆ, ವ್ಯಾಪಾರವನ್ನಂತೂ ಬಲ್ಲಿರಿ.