ಹೃದಯವು ನಡುನಡುವೆ ನಿಲ್ಲುತ್ತಿರುವ ಬಗ್ಗೆ

ಮಾನ್ಯ ಓದುಗರ ಅವಗಾಹನೆಗೆ ಮೊದಲಿಗೇ ತರಬಯಸುವುದೇನೆಂದರೆ, ನಾನು ಹೆದರುವ ಸ್ವಭಾವದವನು. ಚಿತ್ತಾಪುರದ ಕಚೇರಿಯೊಂದರ ಟಪಾಲು ಶಾಖೆಯಲ್ಲಿ ಕುಳಿತು ಕಚೇರಿ ಪತ್ರಗಳನ್ನು ಬರೆದು ಕೈ ಪಳಗಿದೆಯೇ ಹೊರತು, ಸ್ವಂತ ವಿಷಯವಾಗಿ ಇದುವರೆಗೆ ಒಂದು ಸಾಲನ್ನೂ ಬರೆದವನಲ್ಲ. ಒಕ್ಕಣೆಯಲ್ಲಿ ಕಚೇರಿಯ ವಾಸನೆ ಬಂದರೆ ಮನ್ನಿಸತಕ್ಕದ್ದು. ಮನುಷ್ಯನು ಹಾವಿಗೆ, ಮೇಲಧಿಕಾರಿಗೆ, ಹೆಂಡತಿಯ ಮೌನಕ್ಕೆ ಹೆದರುವುದು ಸಹಜ. ಇವುಗಳಿಂದ ದೂರ ಸರಿಯಲು ಅವಕಾಶವಾದರೂ ಇರುತ್ತದೆ. ಭಯದ ಮೂಲವು ಎದೆಯೊಳಗೇ ವಾಸವಿದ್ದರೆ ಎಲ್ಲಿಗೆ ವರ್ಗಾವಣೆ ಕೇಳುವುದು?

ವಿಷಯಕ್ಕೆ ಬರುವುದಾದರೆ, ಕಳೆದ ಬೇಸಿಗೆಯಿಂದ ನನ್ನ ಹೃದಯವು ಯಾವುದೇ ಮುನ್ಸೂಚನೆಯಿಲ್ಲದೆ ನಡುವೆ ನಿಲ್ಲತೊಡಗಿತು. ನಿಂತು, 'ಧಡ್' ಎಂದು ಒಳಗಿನಿಂದ ಒದ್ದು, ಮತ್ತೆ ಕರ್ತವ್ಯಕ್ಕೆ ಹಾಜರಾಗುತ್ತಿತ್ತು. ಆ ನಿಂತ ಗಳಿಗೆಯಲ್ಲಿ ಪತ್ನಿ ನೀಲಮ್ಮನ ಮುಂದಿನ ಬದುಕು, ಅರ್ಧಕ್ಕೇ ಉಳಿದ ಅಂಗಳದ ತಗಡಿನ ಚಪ್ಪರ, ನನ್ನ ಕುರ್ಚಿಗೆ ಬರಬಹುದಾದ ಅಯೋಗ್ಯನ ಮುಖ, ಎಲ್ಲವೂ ಕಂಡುಬಿಡುತ್ತಿದ್ದವು. ನೀಲಮ್ಮ ನನ್ನ ಎದೆಗೆ ಕಿವಿಯಿಟ್ಟು, "ನಡದದಲ್ರಿ! ಸಾಯೋರು ಯಾರರೆ ಈಗ ನೀವು ಹೇಳಿದಂಗ ಒಗ್ಗರಣಿ ಹೊತ್ತಾಕತ್ತದ ಅಂತ ಹೇಳ್ತಾರೇನು?" ಎಂದಳು. ಆದರೂ ಮರುದಿನ ಅವಳೇ ಶಹಾಬಾದಿನ ಡಾಕ್ಟರಮ್ಮನ ಬಳಿಗೆಂದು ನನ್ನನ್ನು ರೈಲು ಹತ್ತಿಸಿ ತಾನೂ ಹತ್ತಿದಳು. ವಾಡಿ ಜಂಕ್ಷನ್ನಿನ ಹೊರಗೆ ಸಿಗ್ನಲ್ ಸಿಗದೆ ಗಾಡಿ ನಿಂತಿತು. ಗಾಡಿ ನಿಂತಿತೋ ನಾನೇ ನಿಂತೆನೋ ತಿಳಿಯದೆ ಅವಳ ಸೆರಗು ಹಿಡಿದೆ. "ಬಿಡ್ರಿ, ಮಂದಿ ನೋಡಾಕತ್ತಾರ," ಎಂದಳು. ಆದರೆ ಸೆರಗನ್ನು ಬಿಡಿಸಿಕೊಳ್ಳಲಿಲ್ಲ. ಅದು ನನ್ನ ಭಯವನ್ನು ಮತ್ತಷ್ಟು ಹೆಚ್ಚಿಸಿತು.

ಎದೆಗೆ ತಣ್ಣನೆಯ ಲೋಳೆ ಹಚ್ಚಿ, ಎಡಮಗ್ಗುಲಿಗೆ ಮಲಗಿಸಿ, ಡಾಕ್ಟರಮ್ಮನವರು ಪರದೆಯ ಮೇಲೆ ನನ್ನ ಹೃದಯವನ್ನು ನನಗೇ ತೋರಿಸಿದರು. "ನೋಡ್ರಿ, ಮ್ಯಾಲ ಎರಡು ಖೋಲಿ, ಕೆಳಗ ಎರಡು ಖೋಲಿ. ಮ್ಯಾಲಿಂದ ರಕ್ತ ಕೆಳಗಿಳೀತದ. ಕೆಳಗಿನ ಖೋಲಿ ಹಿಂಡಿದಾಗ ನಡುವಿನ ಬಾಗಿಲಾ ಮುಚ್ಚತಾವ, ಹೊರಗಿನವು ತೆರೀತಾವ. ಬಲಗಡಿದು ಶ್ವಾಸಕೋಶಕ್ಕ, ಎಡಗಡಿದು ಇಡೀ ಮೈಗೆ. ಆಮ್ಯಾಲ ಹೊರಗಿನವೂ ಮುಚ್ಚತಾವ. ಲಬ್-ಡಬ್ ಅಂದ್ರ ಈ ಬಾಗಿಲಾ ಮುಚ್ಚೋ ಸಪ್ಪಳ." ಬಂದ ರಕ್ತವನ್ನು ಸ್ವೀಕರಿಸಿ, ಶ್ವಾಸಕೋಶದ ಅನುಮೋದನೆ ಪಡೆದು, ಸರ್ವರಿಗೂ ರವಾನಿಸುವುದು, ಹೊರಟದ್ದು ಹಿಂದಕ್ಕೆ ಬಾರದಂತೆ ಬಾಗಿಲು ಹಾಕುವುದು. ನಮ್ಮ ಶಾಖೆಯಲ್ಲಿ ಈ ಕೊನೆಯ ಏರ್ಪಾಡು ಮಾತ್ರ ಇಲ್ಲ.

"ಹಂಗಾರ ನಡುವ ನಿಲ್ಲೂದು?" ಪರದೆಯಿಂದ ಕಣ್ಣು ಕೀಳದೆ ಕೇಳಿದೆ.

"ನಿಂತಿಲ್ರಿ, ತುಂಬಕೊಳ್ಳಾಕತ್ತದ. ಒಂದೊಂದು ಬಡಿತ ಅವಸರ ಮಾಡಿ, ಖೋಲಿ ತುಂಬೋಕಿಂತ ಮದಲೇ ಬರ್ತದ. ರಕ್ತ ಕಮ್ಮಿ ಹೋಗ್ತದ, ನಿಮಗ ಗೊತ್ತೂ ಆಗಂಗಿಲ್ಲ. ಆಮ್ಯಾಲ ಜರಾ ತಡೀತದ, ಖೋಲಿ ಭಾಳ ತುಂಬತದ, ಮುಂದಿನ ಬಡಿತ ಜೋರ ಬೀಳ್ತದ. ಹೃದಯ ಗಟ್ಟಿ ಅದ, ಘಾಬರಿ ಬ್ಯಾಡ. ಚಹಾ ಎಷ್ಟು ಕುಡೀತೀರಿ?"

"ಎಷ್ಟು ಅರ್ಜಿ ಬರ್ತಾವೋ ಅಷ್ಟ್ರಿ ಮೇಡಂ," ಎಂದು ನನ್ನ ಪರವಾಗಿ ನೀಲಮ್ಮನೇ ಹೇಳಿಕೆ ಸಲ್ಲಿಸಿದಳು. ವಾಸ್ತವಾಂಶವೂ ಅದೇ. ನಮ್ಮ ಭಾಗದಲ್ಲಿ ಕಾಗದ ತಂದವರು ಚಹಾ ಹೇಳುತ್ತಾರೆ. ಒಲ್ಲೆನೆಂದರೆ ಕೆಲಸವನ್ನೇ ಒಲ್ಲೆನೆಂದಂತೆ. ಚಹಾ ಬಿಟ್ಟು ಬೇರೇನನ್ನೂ ಮುಟ್ಟದ ನಾನು ಪ್ರಾಮಾಣಿಕತೆಯಿಂದಲೇ ಈ ಸ್ಥಿತಿಗೆ ಬಂದವನು.

ಡಾಕ್ಟರಮ್ಮನವರ ಸೂಚನೆಯ ಮೇರೆಗೆ ಈಗ ಚಹಾ ಬಿಟ್ಟಿದ್ದೇನೆ. ಭಯವು ಮಾತ್ರ ಮುಂದಿನ ಆದೇಶದವರೆಗೆ ಜಾರಿಯಲ್ಲಿದೆ. ಎದೆ ತಡೆದಾಗಲೆಲ್ಲ 'ನಿಂತಿಲ್ಲ, ತುಂಬಿಕೊಳ್ಳುತ್ತಿದೆ' ಎಂದು ಜಪಿಸುತ್ತೇನೆ. ಮೊನ್ನೆ ಗುಂಡಗುರ್ತಿಯ ಬಸಣ್ಣ ಬಂದ. ತನ್ನ ಕಾಗದಕ್ಕಾಗಿ ಚಳಿಗಾಲದಿಂದ ಅಲೆಯುತ್ತಿರುವವನು. ಅವನು ಹೇಳಿದ ಚಹಾವನ್ನು ನಾನು ಬೇಡವೆಂದಾಗ ಅವನ ಮುಖ ಬಿಳುಚಿತು. "ಹಂಗಾರ ನನ್ನ ಕಾಗದ ನಿಂತೇ ಹೋತೇನ್ರಿ, ಸಾಹೇಬ್ರ?"

ಆ ಮುಖ ನನಗೆ ಪರಿಚಿತವಾಗಿತ್ತು. ವಾಡಿಯ ಹೊರಗೆ, ರೈಲಿನಲ್ಲಿ, ಅದು ನನ್ನದಾಗಿತ್ತು. ಡಾಕ್ಟರಮ್ಮನವರ ಗಾಂಭೀರ್ಯವನ್ನು ಎರವಲು ಪಡೆದು ಹೇಳಿದೆ: "ನಿಂತಿಲ್ಲ ಬಸಣ್ಣ, ತುಂಬಕೊಳ್ಳಾಕತ್ತದ."

ಬಸಣ್ಣ ನನ್ನನ್ನು ನೋಡಿದ. ಹೆಗಲ ಟವೆಲ್ಲನ್ನು ಕೊಡವಿ, ಎದುರಿನ ಬೆಂಚಿನ ಮೇಲೆ ನೆಟ್ಟಗೆ ಕುಳಿತ. "ಹೌದ್ರಿ, ನನಗೂ ತುಂಬಾಕತ್ತದ," ಎಂದು ಗಂಟಲು ಮುಟ್ಟಿ ತೋರಿಸಿದ. "ಇಲ್ಲೀತನಕಾ ಬಂದದ. ತುಂಬಿದ ಮ್ಯಾಲ ಏನಾಗ್ತದ, ನೀವೇ ನೋಡ್ರಿ."

ನನ್ನ ಎದೆಯು ಒಂದು ಬಡಿತವನ್ನು ತಡೆಹಿಡಿಯಿತು. ಅದು 'ಧಡ್' ಎನ್ನುವುದರೊಳಗಾಗಿ ನನ್ನ ಕೈ ಮೊಹರಿನ ಮೇಲಿತ್ತೆಂದೂ, ಸದರಿ ಬಸಣ್ಣನವರ ಕಾಗದವನ್ನು ಅಂದೇ ರವಾನಿಸಲಾಗಿದೆಯೆಂದೂ ಈ ಮೂಲಕ ತಿಳಿಯಪಡಿಸುತ್ತೇನೆ.