ಸದರಿ ಬಾಗಿಲು ಇದ್ದರೂ ಇರಬಹುದು

ಭಂಕೂರಿನ ಹಳ್ಳದ ದಂಡೆಯ ಸರಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ಒಂದು ಬಾಗಿಲು ಮತ್ತು ಒಂದು ಕಿಟಕಿ ಇವೆ. ಜುಲೈ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಆ ಬಾಗಿಲಿನ ಮುಂದೆ ಎರಡು ಟ್ರಾಲಿ ಫರಸಿ ಕಲ್ಲು ಇಳಿಯಿತು. ಅಂದಿನಿಂದ ಶಾಲೆಯು ಕಿಟಕಿಯ ಮೂಲಕ ನಡೆಯತೊಡಗಿತು. ಇದರಲ್ಲಿ ಯಾರ ತಪ್ಪೂ ಇಲ್ಲ.

ಕಲ್ಲು ಬಂದದ್ದು ಶಾಲೆಯ ನೆಲಕ್ಕೆ ಹಾಸಲು. ಕಳಿಸಿದ್ದು ಪಂಚ ಪಟ್ಟಣ ಶಾಲಾ ನೆಲಹಾಸು ಕೋಶ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಭಾಗದ ಶಾಲೆಗಳ ಮಕ್ಕಳು ಯಾವುದರ ಮೇಲೆ ಕೂರಬೇಕು ಎಂಬುದನ್ನು ಈ ಕೋಶ ಚಿತ್ತಾಪುರದಲ್ಲಿ ಕೂತು ನಿರ್ಧರಿಸುತ್ತದೆ. ಕಲ್ಲು ಒಳಗೆ ಹೋದರೆ ನೆಲ ಆಗುತ್ತದೆ. ಬಾಗಿಲು ತೆರೆದರೆ ಕಲ್ಲು ಒಳಗೆ ಹೋಗುತ್ತದೆ. ಕಲ್ಲು ಸರಿದರೆ ಬಾಗಿಲು ತೆರೆಯುತ್ತದೆ. ಇಷ್ಟರ ಮಟ್ಟಿಗೆ ಯೋಜನೆ ಸಂಪೂರ್ಣವಾಗಿತ್ತು.

ಕಲ್ಲು ಇಳಿಸಿದ ಟ್ರ್ಯಾಕ್ಟರಿನ ಲಾಲ್ ಅಹ್ಮದ್ ತನ್ನ ಚೀಟಿ ತೋರಿಸಿದ. "ಬಾಗಲಾ ಹತ್ರ ಇಳಸು ಅಂತ ಬರದಾರ ಸರ್. ಇದಕ್ಕಿಂತ ಹತ್ರ ಇಳಸಾಕ ಯಾರಿಂದನೂ ಆಗಂಗಿಲ್ಲ."

"ಈಗ ಈ ಕಡೆ ಸರಸು" ಎಂದರು ಮುಖ್ಯೋಪಾಧ್ಯಾಯ ಅಂಬಾರಾಯರು.

"ಹತ್ತ ನಿಮಿಷದ ಕೆಲಸ ಸರ್. ಖರೆ ಪ್ರತಿ ಕಲ್ಲಿಗೂ ನೀಲಿ ಬಣ್ಣದಾಗ ನಂಬರ್ ಹಚ್ಚ್ಯಾರ ನೋಡ್ರಿ. ಕೋಶದ ಆರ್ಡರ್ ಇಲ್ದ ಮುಟ್ಟಿದ್ರ ಸರಕಾರಿ ದಾಸ್ತಾನಿಗೆ ಕೈ ಹಾಕಿದಂಗ. ಆರ್ಡರ್ ತರ್ರಿ, ಫೋನ್ ಮಾಡ್ರಿ, ಬರ್ತೀನಿ."

ಅಂಬಾರಾಯರು ಕಟ್ಟುನಿಟ್ಟಿನ ಮನುಷ್ಯ. ವಾಡಿಯಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರು. ಊರವರು ಕೊಟ್ಟ ಮದುವೆ ಪತ್ರಿಕೆಯನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಿ ಹಿಂದಿರುಗಿಸಿ, ಆಮೇಲೆ ಮದುವೆಗೆ ಹೋಗುತ್ತಿದ್ದರು. ಕಿಟಕಿಗೆ ಸರಳು ಇರಲಿಲ್ಲ, ಅದು ಮುಂದಿನ ಸಾಲಿನ ಯೋಜನೆ. ಹಾಗಾಗಿ ಅವರು ಪ್ರತಿದಿನ ಒಂಬತ್ತು ಇಪ್ಪತ್ತಕ್ಕೆ ಮೊದಲು ಛತ್ರಿಯನ್ನು, ಆಮೇಲೆ ಬಲಗಾಲನ್ನು, ಕೊನೆಗೆ ತಮ್ಮನ್ನು ಕಿಟಕಿಯೊಳಗೆ ಇಳಿಸುತ್ತಿದ್ದರು. ಒಂದು ಕಾಲು ಒಳಗೆ, ಒಂದು ಹೊರಗೆ ಇದ್ದಾಗಲೇ ಮಕ್ಕಳು ಎದ್ದು "ಗುಡ್ ಮಾರ್ನಿಂಗ್ ಸರ್" ಎನ್ನುತ್ತಿದ್ದವು. ಅಂಬಾರಾಯರು ಉತ್ತರಿಸುತ್ತಿರಲಿಲ್ಲ. ಎರಡನೇ ಕಾಲು ನೆಲಕ್ಕೆ ತಾಗಿದ ಮೇಲೆಯೇ "ಗುಡ್ ಮಾರ್ನಿಂಗ್, ಸಿಟ್ ಡೌನ್". ಮನುಷ್ಯ ಬಂದಿದ್ದರೆ ಬಂದಿರಬೇಕು, ಇಲ್ಲದಿದ್ದರೆ ಇಲ್ಲ. ನಡುವೆ ಮೂರನೆಯದೊಂದು ಅವರ ಶಿಸ್ತಿನಲ್ಲಿ ಇರಲಿಲ್ಲ.

ತೊಂದರೆ ಆದದ್ದು ಪೀರಮ್ಮನಿಗೆ.

ಪೀರಮ್ಮ ಇಪ್ಪತ್ತು ವರ್ಷದಿಂದ ಆ ಶಾಲೆಯ ಬಿಸಿಯೂಟದ ಅಡುಗೆಯಾಕೆ. ಅಡುಗೆಮನೆ ಹೊರಗಿದೆ, ಆದ್ದರಿಂದ ಅಡುಗೆಗೆ ಅಡ್ಡಿಯಿಲ್ಲ. ಆದರೆ ಹೆಬ್ಬೆಟ್ಟಿನ ಹಾಜರಾತಿ ಯಂತ್ರ ಶಾಲೆಯೊಳಗೆ, ಕರಿಹಲಗೆಯ ಪಕ್ಕದ ಗೋಡೆಗೆ ಮೊಳೆ ಹೊಡೆದು, ಮೊಳೆಗೆ ಅರಗಿನ ಮುದ್ರೆ ಒತ್ತಿದ ಸ್ಥಿತಿಯಲ್ಲಿದೆ. ಅದನ್ನು ಹಾಕಿಸಿದ್ದೂ ನೆಲಹಾಸು ಕೋಶವೇ. ಹಾಸಿದ ನೆಲದ ಮೇಲೆ ಜನ ನಿಜವಾಗಿ ನಿಲ್ಲುತ್ತಾರೋ ಇಲ್ಲವೋ ಗೊತ್ತಾಗಬೇಕಲ್ಲ. ಪೀರಮ್ಮನ ಹೆಬ್ಬೆಟ್ಟು ಕಿಟಕಿಯಲ್ಲಿ ಸಲೀಸಾಗಿ ಹಿಡಿಸುತ್ತಿತ್ತು. ಅದರ ಹಿಂದೆ ಇರುವ ಪೀರಮ್ಮ ಹಿಡಿಸುತ್ತಿರಲಿಲ್ಲ. ಮೊದಲ ದಿನ ಪ್ರಯತ್ನ ನಡೆಯಿತು. ಹೊರಗಿನಿಂದ ಇಬ್ಬರು ನೂಕಿದರು, ಒಳಗಿನಿಂದ ನಾಲ್ಕನೇ ತರಗತಿ ಇಡೀ ಎಳೆಯಿತು. ಅರ್ಧ ಗಂಟೆ ಆಕೆ ಒಳಗೂ ಇರಲಿಲ್ಲ, ಹೊರಗೂ ಇರಲಿಲ್ಲ.

ಯಂತ್ರದ ನಿಯಮ ಸರಳ. ಮೂವತ್ತು ದಿನ ಸತತ ಗೈರಾದವರ ಹೆಸರನ್ನು ಅದು ತಾನೇ ಅಳಿಸುತ್ತದೆ. ಒಮ್ಮೆ ಅಳಿಸಿದ್ದನ್ನು ಮತ್ತೆ ಬರೆಯುವ ಗುಂಡಿ ಅದಕ್ಕಿಲ್ಲ.

"ಹುಡುಗ್ರ ಹೊಟ್ಟ್ಯಾಗ ನನ್ನ ಸಾರು ಅದ, ಮಷೀನದಾಗ ನಾ ಇಲ್ಲ" ಎಂದಳು ಪೀರಮ್ಮ, ಕಿಟಕಿಗೆ ಮೊಣಕೈ ಊರಿ. "ಸರ್, ಈ ಸಾರು ಮತ್ತ ಯಾರು ಮಾಡ್ಲಿಕತ್ತಾರ, ಅದನ್ನರೆ ಕೇಳ್ರಿ ಆ ಮಷೀನಿಗಿ."

"ಪೀರಮ್ಮಾ, ನಿಮ್ಮ ಹೆಸರು ಅಳಸಾಕ ನಾ ಬಿಡಂಗಿಲ್ಲ. ಇದು ನನ್ನ ಮಾತು" ಎಂದರು ಅಂಬಾರಾಯರು. ಅವರು ಮಾತು ಕೊಡುವುದು ಅಪರೂಪ. ಕೊಟ್ಟ ಮೇಲೆ ಅದನ್ನು ಡೈರಿಯಲ್ಲಿ ಬರೆದು ಕೆಳಗೆ ಗೆರೆ ಎಳೆಯುತ್ತಿದ್ದರು. ಎಳೆದರು.

ಕೋಶದ ಪತ್ರವ್ಯವಹಾರ ಇಂಗ್ಲಿಷಿನಲ್ಲೇ ಆಗಬೇಕು. ಅಂಬಾರಾಯರಿಗೆ ಇದು ಸಂತೋಷವೇ. ಬಾಗಿಲ ಮುಂದೆ ಕಲ್ಲುಗಳಿವೆ, ದಯವಿಟ್ಟು ಸರಿಸಿರಿ ಎಂಬ ಎರಡು ಇಂಗ್ಲಿಷ್ ವಾಕ್ಯ ಬರೆದರು. ಮೂರು ಸಲ ಓದಿದರು. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಮಡಚಿ ಜೇಬಿನಲ್ಲಿಟ್ಟು ಚಿತ್ತಾಪುರದ ಬಸ್ಸು ಹತ್ತಿದರು.

ಕೋಶದ ಅಧೀಕ್ಷಕ ಕಾಶಪ್ಪ ಮರ್ಯಾದಸ್ಥ. "ಬರ್ರಿ ಸರ್, ಕುಂದ್ರಿ. ಚಹಾ ತೊಗೋರಿ." ಪತ್ರ ಓದಿದ. ಹಾಳೆ ತಿರುವಿ ಹಿಂಬದಿಯನ್ನೂ ನೋಡಿದ. "ಸರ್, ಇದರಾಗ ಸಂಶಯ ಎಲ್ಲ್ಯದ?"

"ಸಂಶಯ ಯಾಕ್ರೀ? ಕಲ್ಲು ಅವ. ನಾ ದಿನಾ ನೋಡ್ಲಿಕತ್ತೀನಿ."

"ನೀವು ನೋಡೀರಿ, ಪತ್ರ ನೋಡಿಲ್ಲಲ್ರಿ" ಎಂದು ಕಾಶಪ್ಪ ಗೋಡೆಗೆ ಅಂಟಿಸಿದ ಸುತ್ತೋಲೆಯತ್ತ ಕೈ ತೋರಿದ. ಅಲ್ಲಿ ಹೀಗಿತ್ತು:

"ಒಂದು: ಕೋಶಕ್ಕೆ ಬರುವ ಅಥವಾ ಕೋಶದಿಂದ ಹೊರಡುವ ಪ್ರತಿ ಇಂಗ್ಲಿಷ್ ವಾಕ್ಯದಲ್ಲಿ ಮೇ, ಮೈಟ್, ಲೈಕ್ಲಿ, ಪ್ರಾಬಬ್ಲಿ ಇವುಗಳ ಪೈಕಿ ಕನಿಷ್ಠ ಒಂದು ಸಂಭವಸೂಚಕ ಪದ ಇರತಕ್ಕದ್ದು. ಎರಡು: ಯಾವುದೇ ವಸ್ತು, ವ್ಯಕ್ತಿ ಅಥವಾ ಪ್ರಾಣಿಯನ್ನು ಅದರ ಹೆಸರಿನಿಂದ ಒಂದಕ್ಕಿಂತ ಹೆಚ್ಚು ಬಾರಿ ಕರೆಯತಕ್ಕದ್ದಲ್ಲ, ‘ದಿ ಸೇಡ್’, ‘ಅಫೋರ್‌ಸೇಡ್’ ಎಂದು ಹಿಂದಿನದಕ್ಕೆ ಬೊಟ್ಟು ಮಾಡತಕ್ಕದ್ದು. ಮೂರು: ಹಿಂದಿನ ಪತ್ರದ ಉಲ್ಲೇಖವಿಲ್ಲದ ಪತ್ರವನ್ನು ಸ್ವೀಕರಿಸತಕ್ಕದ್ದಲ್ಲ. ನಾಲ್ಕು: ಖಚಿತ ವಾಕ್ಯ ಬರೆಯುವ ಅನಿವಾರ್ಯತೆ ಉಂಟಾದಲ್ಲಿ ಮೂವತ್ತು ದಿನ ಮೊದಲೇ ಅನುಮತಿ ಕೋರತಕ್ಕದ್ದು. ಅನುಮತಿ ಸಿಗಬಹುದು."

"ಇದಕ್ಕ ಕಾರಣ ಅದರಿ" ಎಂದ ಕಾಶಪ್ಪ ದನಿ ಇಳಿಸಿ. "ಚಿಂಚೋಳಿ ಕಡೀಲಿಂದ ಒಬ್ಬ ಇಂಜಿನಿಯರ್, ಶಾಲಿ ಟ್ಯಾಂಕ್ ತುಂಬ್ಯದ ಅಂತ ಖಡಕ್ ಬರದ. ಮ್ಯಾಲಿನವ್ರು ಬಂದು ಮುಚ್ಚಳ ತೆಗದು ನೋಡಿದ್ರ, ಒಳಗ ಒಂದು ಆಡು ಮಕ್ಕೊಂಡಿತ್ತು. ಅಂವ ಸಸ್ಪೆಂಡ್ ಆದ. ತುಂಬಿರಬಹುದು ಅಂತ ಬರದಿದ್ರ ಟ್ಯಾಂಕೂ ಉಳಿತಿತ್ತು, ಅಂವನೂ ಉಳಿತಿದ್ದ."

"ಆಡು ಏನಾತು?"

"ಅದರ ಬಗ್ಗೆ ಖಚಿತ ಹೇಳಾಕ ಬರಂಗಿಲ್ರಿ."

"ಇರಲಿ. ಹಿಂದಿನ ಪತ್ರದ ಉಲ್ಲೇಖ ಎಲ್ಲಿಂದ ತರ್ಲಿ? ಇದೇ ಮೊದಲನೇ ಪತ್ರ."

"ಮೊದಲನೇ ಪತ್ರ ನಾವು ತೊಗೊಳಂಗಿಲ್ರಿ ಸರ್. ಎರಡನೇದು ತರ್ರಿ, ಇವತ್ತೇ ತೊಗೋತೀನಿ."

ಅಂಬಾರಾಯರು ಚಹಾ ಮುಗಿಸದೆ ಎದ್ದರು. ತನ್ನ ಜನ್ಮದಲ್ಲಿ ಇದ್ದದ್ದನ್ನು ಇರಬಹುದು ಎಂದು ಬರೆದವನಲ್ಲ ತಾನು. ಶಹಾಬಾದ್ ಬರುವವರೆಗೂ ಬಸ್ಸಿನ ಕಿಟಕಿಯ ಕಡೆ ನೋಡಲಿಲ್ಲ. ಇತ್ತೀಚೆಗೆ ಅವರಿಗೆ ಯಾವ ಕಿಟಕಿಯೂ ಸೇರುತ್ತಿರಲಿಲ್ಲ.

ತತ್ವ ಹತ್ತು ದಿನ ನಿಂತಿತು. ಪೀರಮ್ಮನ ಗೈರು ಹದಿನಾಲ್ಕಕ್ಕೆ ಬಂತು. ಹದಿನಾಲ್ಕನೇ ದಿನ ಆಕೆ ಬೇಳೆಸಾರು ಬಡಿಸುತ್ತಾ, "ಸರ್, ನಿಮ್ಮ ಇಂಗ್ಲಿಷ್ ಭಾಳ ಛಲೋ ಅದ ಅಂತಾರ. ನನ್ನ ಸಲುವಾಗಿ ಸ್ವಲ್ಪ ಕೆಡಸ್ರಲ್ಲ" ಎಂದಳು. ಅಂಬಾರಾಯರು ತಟ್ಟೆ ಕೆಳಗಿಟ್ಟರು. ಡೈರಿಯಲ್ಲಿ ಎಳೆದ ಗೆರೆ ಕಣ್ಮುಂದೆ ಬಂತು.

ಅಂದೇ ಅವರು ಮೊದಲ ಪತ್ರವನ್ನು ತಮಗೆ ತಾವೇ ಬರೆದುಕೊಂಡು, ಸ್ವೀಕರಿಸಿ, ಮೊಹರು ಹಾಕಿದರು. ಅದನ್ನು ಉಲ್ಲೇಖಿಸಿ ಎರಡನೆಯದನ್ನು ಬರೆದರು. ಕನ್ನಡದಲ್ಲಿ ಅದರ ಸಾರ ಇಷ್ಟು: "ಮೇಲ್ಕಾಣಿಸಿದ ಪತ್ರದಲ್ಲಿ ಪ್ರಾಯಶಃ ಕಾಣಿಸಿದ ಕಲ್ಲುಗಳು ಸದರಿ ಶಾಲೆಯ ಸಂಭವನೀಯ ಬಾಗಿಲಿನ ಮುಂದೆ ಬಿದ್ದಿರಬಹುದಾಗಿದ್ದು, ಸದರಿಯವುಗಳನ್ನು ಸದರಿಯಲ್ಲಿಂದ ಸರಿಸಲು ಕೋರಿದ್ದರೂ ಕೋರಿರಬಹುದು." ಬರೆದ ಮೇಲೆ ಕೈ ತೊಳೆದುಕೊಂಡರು.

ಕಾಶಪ್ಪ ಓದಿ ಕಣ್ಣೊರೆಸಿಕೊಂಡ. "ಸರ್, ಇಂಥಾದು ನಮ್ಮ ಕೋಶಕ್ಕ ಇನ್ನತನಕ ಬಂದಿಲ್ರಿ."

ಆದರೆ ಕಲ್ಲು ಬಿದ್ದಿರಬಹುದು ಎಂದ ಮೇಲೆ, ಬಿದ್ದಿದೆಯೋ ಎಂದು ನೋಡದೆ ಸರಿಸುವುದು ಹೇಗೆ? ಇಪ್ಪತ್ತೆರಡನೇ ದಿನ ತಪಾಸಣೆಗೆ ಅಖ್ತರ ಬೇಗಂ ಮೇಡಂ ಸೇಡಂನಿಂದ ಬಂದರು. ಮೇಡಂ ಕಲ್ಲಿನ ರಾಶಿ ಹತ್ತಿದರು, ತುದಿಯಲ್ಲಿ ಕೂತರು, ಪೀರಮ್ಮ ಕೊಟ್ಟ ಚಹಾ ಕುಡಿದರು, ಗ್ಲಾಸನ್ನು ನಲವತ್ತೊಂದನೇ ನಂಬರಿನ ಕಲ್ಲಿನ ಮೇಲಿಟ್ಟು ಸುತ್ತ ನೋಡಿದರು.

"ಕಲ್ಲು ಎಲ್ಲ್ಯವ ಅಂತೀರಿ ಹೆಡ್‌ಮಾಸ್ಟರ್?"

"ನೀವು ಕುಂತೀರಲ್ರಿ ಮೇಡಂ, ಅವೇ."

"ನಾ ಕುಂತೀನಿ ಅಂತ ನೀವು ಹ್ಯಾಂಗ ಖಚಿತ ಹೇಳ್ತೀರಿ?" ಎಂದರು ಮೇಡಂ, ಸಿಟ್ಟಿಲ್ಲದೆ.

ಅವರ ವರದಿ ನಾಲ್ಕು ದಿನದಲ್ಲಿ ಬಂತು. ಸಹಿದಾರರು ಪ್ರಾಯಶಃ ಕೂತಿದ್ದ ಸದರಿ ಎತ್ತರವು ಕಲ್ಲುಗಳಿಂದಾಗಿದ್ದಿರಬಹುದು ಎಂದು ಅದು ಹೇಳಿತು. ಅದನ್ನು ಆಧರಿಸಿ ಕೋಶದ ಆದೇಶವೂ ಹೊರಟಿತು: ಸದರಿ ಕಲ್ಲುಗಳು ಸರಿಸಲ್ಪಡುವ ಸಂಭವ ಇದೆ.

ಅಂಬಾರಾಯರು ಲಾಲ್ ಅಹ್ಮದನಿಗೆ ಫೋನ್ ಮಾಡಿ ಓದಿ ಹೇಳಿದರು.

"ಸರಸಬೇಕೋ ಬ್ಯಾಡೋ ಸರ್?"

"ಸರಸೋ ಸಂಭವ ಅದ."

"ಹಂಗಾರ ನಾ ಬರೋ ಸಂಭವ ಅದ ಅಂತ ಬರ್ಕೋರಿ" ಎಂದು ಲಾಲ್ ಅಹ್ಮದ್ ಫೋನ್ ಇಟ್ಟ. ಅವನು ಓದಿದ್ದು ಏಳನೆಯವರೆಗೆ, ಆದರೆ ಕೋಶದ ಭಾಷೆ ಅವನಿಗೆ ಬೇಗ ಹತ್ತಿತು.

ಇಪ್ಪತ್ತೆಂಟನೇ ದಿನ. ಯಂತ್ರ ಕಿರ್ ಎಂದು ಉದ್ದನೆಯ ಚೀಟಿ ಕಕ್ಕಿತು. ಇಂಗ್ಲಿಷಿನಲ್ಲಿ ಇಪ್ಪತ್ತೆಂಟು ಸಾಲು, ಪ್ರತಿಯೊಂದರಲ್ಲೂ ಅದೇ: ಪೀರಮ್ಮ ಗೈರುಹಾಜರಾಗಿದ್ದಾಳೆ. ಹೊರಗೆ ಪೀರಮ್ಮ ಮೆಣಸಿನಕಾಯಿ ಹುರಿಯುತ್ತಿದ್ದಳು; ಘಾಟಿಗೆ ಇಡೀ ಶಾಲೆ ಸೀನುತ್ತಿತ್ತು. ಅಂಬಾರಾಯರು ಸೀನುತ್ತಲೇ, ಬೇರೇನೂ ತೋಚದೆ, ಅಭ್ಯಾಸಬಲದಿಂದ ಕೆಂಪು ಪೆನ್ನು ತೆಗೆದರು. ಮೊದಲ ಸಾಲು ಓದಿದರು. ಎರಡನೆಯದನ್ನು ಓದಿದರು. ಆಮೇಲೆ ಅವರ ಕೈ ತಾನಾಗಿ ಓಡತೊಡಗಿತು.

ಮಧ್ಯಾಹ್ನ ಒಂದೂವರೆಗೆ ಅವರು ಕಾಶಪ್ಪನ ಮೇಜಿನ ಮೇಲೆ ಚೀಟಿ ಹರಡಿದರು. ಅದು ಮೈತುಂಬ ಕೆಂಪಾಗಿತ್ತು.

"ಐವತ್ತೈದು ತಪ್ಪು" ಎಂದರು. "ಇಪ್ಪತ್ತೆಂಟು ವಾಕ್ಯದಾಗ ಒಂದರಾಗೂ ಸಂಭವಸೂಚಕ ಪದ ಇಲ್ಲ. ಮೊದಲನೇ ಸಾಲು ಬಿಟ್ಟು ಇಪ್ಪತ್ತೇಳು ಕಡೆ ‘ಸದರಿಯಾಕೆ’ ಅನ್ನೋ ಬದಲು ಹೆಸರನ್ನೇ ಹಿಡದು ಕರದಾರ. ನಿಮ್ಮ ಸುತ್ತೋಲೆ, ಕ್ರಮ ಒಂದು, ಕ್ರಮ ಎರಡು."

ಕಾಶಪ್ಪನ ಮುಖ ಬಿಳಿಚಿತು. "ಯಾರ್ರೀ ಇದನ್ನ ಬರದವರು?"

"ನಿಮ್ಮ ಯಂತ್ರ."

"ಮ್ಯಾಲಿನವ್ರು ಹೋಗಿ ನೋಡಿ, ಆ ಹೆಣ್ಮಗಳು ಅಲ್ಲೇ ಸಾರು ಕುದಿಸ್ಕೋತ ನಿಂತಿದ್ರ?"

"ನಿಂತಿರ್ತಾಳ."

"ಖಚಿತ ಮಾತಾಡಬ್ಯಾಡ್ರಿ ಸರ್, ಕೈ ಮುಗೀತೀನಿ!" ಕಾಶಪ್ಪ ಎದ್ದು ಬಾಗಿಲು ಹಾಕಿದ. ಅವನ ಕಣ್ಣ ಮುಂದೆ ಆ ಆಡು ಬಂದು ನಿಂತಿರಬಹುದು.

ಆ ದಿನವೇ ಐದೂ ಪಟ್ಟಣಗಳ ವ್ಯಾಪ್ತಿಯ ಯಂತ್ರಗಳನ್ನು ತಿದ್ದಲಾಯಿತು. ಈಗ ಅವು ಹಾಜರು ಎನ್ನುವುದಿಲ್ಲ, ಗೈರು ಎನ್ನುವುದಿಲ್ಲ. ಯಾರು ಹೆಬ್ಬೆಟ್ಟು ಒತ್ತಿದರೂ, ಒತ್ತದಿದ್ದರೂ, "ಮೇಲ್ಕಾಣಿಸಿದವರು ಇದ್ದರೂ ಇರಬಹುದು" ಎಂದು ಇಂಗ್ಲಿಷಿನಲ್ಲಿ ನುಡಿಯುತ್ತವೆ. ಪೀರಮ್ಮನ ಹೆಸರು ಅಳಿಯಲಿಲ್ಲ. ಸೇಡಂನಲ್ಲಿ ಎರಡು ವಾರದ ಹಿಂದೆ ನಿವೃತ್ತರಾದ ಒಬ್ಬ ಮಾಸ್ತರರ ಹೆಸರೂ ಅಳಿಯಲಿಲ್ಲ. ಅವರೂ ಇದ್ದರೂ ಇರಬಹುದು. ಹಾಜರಾತಿ ನೂರಕ್ಕೆ ನೂರು ಸಂಭವನೀಯವಾಯಿತು. ಇಂಥ ಫಲಿತಾಂಶ ಹಿಂದೆ ಯಾವ ಸಾಲಿನಲ್ಲೂ ಬಂದಿರಲಿಲ್ಲವೆಂದು ಕೋಶ ಒಂದು ಸಣ್ಣ ಸಮಾರಂಭ ಇಟ್ಟುಕೊಂಡಿತು. ಅಂಬಾರಾಯರಿಗೆ ಶಾಲು ಹೊದಿಸಿ, ಐದು ಪಟ್ಟಣಗಳ ಸಂಭವ ಮತ್ತು ಪೂರ್ವೋಲ್ಲೇಖ ಭಾಷಾ ತರಬೇತುದಾರರೆಂದು ನೇಮಿಸಿದರು.

ಅವರು ಒಪ್ಪಿದ್ದು ಒಂದೇ ಕಾರಣಕ್ಕೆ. ಕೆಲಸ ಯಾವುದೇ ಇರಲಿ, ಸರಿಯಾಗಿ ಆಗಬೇಕು. ಚಿಂಚೋಳಿಯ ತರಬೇತಿಯಲ್ಲಿ ಒಬ್ಬ ಗುಮಾಸ್ತ ‘ಬಹುಶಃ’ ಬಿಟ್ಟು ಬರೆದದ್ದಕ್ಕೆ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದರು. ಹತ್ತಕ್ಕೆ ಸೊನ್ನೆ ಹಾಕಲು ಹೊರಟು, ಅದು ಖಚಿತವಾಗುತ್ತದೆಂದು, ಸೊನ್ನೆ ಇರಬಹುದು ಎಂದು ಬರೆದರು.

ಭಂಕೂರಿನಲ್ಲಿ ಕಲ್ಲು ಹಾಗೇ ಇದೆ ಎನ್ನಲಾಗಿದೆ. ಮಕ್ಕಳು ಅದರ ನೀಲಿ ಅಂಕಿ ನೋಡಿ ನೂರರವರೆಗೆ ಎಣಿಸಲು ಕಲಿತಿವೆ. ಕೋಶದ ದಾಖಲೆಯಲ್ಲಿ ಕಿಟಕಿಗೆ ಈಗ ಸದರಿ ಬಾಗಿಲು ಎಂದು ಹೆಸರು. ಒಂಬತ್ತು ಇಪ್ಪತ್ತಕ್ಕೆ ಅಂಬಾರಾಯರು ಛತ್ರಿಯನ್ನು, ಆಮೇಲೆ ಬಲಗಾಲನ್ನು ಒಳಗಿಟ್ಟು, ಕಿಟಕಿಯ ಮೇಲೆಯೇ ಕೂರುತ್ತಾರೆ. ಎಡಗಾಲು ಹೊರಗೆ ತೂಗಾಡುತ್ತಿರುತ್ತದೆ. ಮಕ್ಕಳು "ಗುಡ್ ಮಾರ್ನಿಂಗ್ ಸರ್" ಎಂದರೆ ಅಲ್ಲಿಂದಲೇ "ಗುಡ್ ಮಾರ್ನಿಂಗ್, ಪ್ರಾಬಬ್ಲಿ" ಎಂದು ಉತ್ತರಿಸಿ ಹಾಜರಿ ಕೂಗುತ್ತಾರೆ.

ಮೊನ್ನೆ ಮಧ್ಯಾಹ್ನ ಪೀರಮ್ಮ ಎಂದಿನಂತೆ ಸೌಟಿನಿಂದ ತಟ್ಟೆ ಬಡಿದು, "ಅನ್ನ ಆಗ್ಯದ, ಬರ್ರೋ!" ಎಂದು ಕೂಗಿದಳು. ಅಂಬಾರಾಯರು ಹಾಳೆ ತೆಗೆದು, ಸದರಿ ಅನ್ನದ ಬಗ್ಗೆ ಪೂರ್ವಾನುಮತಿಯಿಲ್ಲದೆ ಖಚಿತ ಹೇಳಿಕೆ ನೀಡಿದ್ದಕ್ಕೆ ಆಕೆಗೆ ನೋಟಿಸು ಬರೆದು, ಕಿಟಕಿಯಿಂದ ಕೈ ಚಾಚಿ ಕೊಟ್ಟರು.

ಪೀರಮ್ಮ ಅದನ್ನು ಸೆರಗಿನಿಂದ ಒರೆಸಿದ ಕೈಯಲ್ಲಿ ಹಿಡಿದು, ಸೌಟನ್ನು ಬಗಲಿಗೆ ಸಿಕ್ಕಿಸಿ, ಹೆಬ್ಬೆಟ್ಟು ಒತ್ತಿ ವಾಪಸು ಕೊಟ್ಟಳು. ಆಮೇಲೆ ಗಂಟಲು ಸರಿಮಾಡಿಕೊಂಡು ಮತ್ತೆ ಕೂಗಿದಳು.

"ಮೊದಲ ಹೇಳಿದ ಅನ್ನ ಆಗಿದ್ರೂ ಆಗಿರಬಹುದು! ಬಂದ್ರ ಬರ್ರೋ!"

"ಕರೆಕ್ಟ್" ಎಂದರು ಅಂಬಾರಾಯರು. ಮಕ್ಕಳು ಅವರ ತೊಡೆ ದಾಟಿ ಒಬ್ಬೊಬ್ಬರಾಗಿ ಸದರಿ ಬಾಗಿಲಿನಿಂದ ಹೊರಗೆ ಧುಮುಕಿದವು.